ಐದು ಬಾಯಿಯ ಗೂಡು

ನಮ್ಮ ಇಟ್ಟಿಗೆ ಗೂಡಿಗೆ ಐದು ಬಾಯಿ. ಒಂದೊಂದು ಬಾಯಿಗೆ ಸೌದೆ ಉಣಿಸುವುದು ಒಂದೊಂದು ಮನೆಯವರ ಹಕ್ಕು. ಗೂಡು ಕಟ್ಟಿದವನು ಮೊದಲಜ್ಜ, ಅವನಿಗೆ ಐವರು ಗಂಡುಮಕ್ಕಳು, ಒಬ್ಬೊಬ್ಬನಿಗೆ ಒಂದೊಂದು ಬಾಯಿ ಹಂಚಿಕೊಟ್ಟ, ಆ ಐವರಿಂದ ಐದು ಮನೆಗಳಾದವು ಎಂಬುದು ನಮಗೆಲ್ಲ ತೊಟ್ಟಿಲಲ್ಲೇ ಕಿವಿಗೆ ಬಿದ್ದ ಕತೆ. ಅವನು ಬರುವ ಮುಂಚೆ ಇಲ್ಲಿ ನದಿ, ಜೊಂಡು, ಸೊಳ್ಳೆ ಬಿಟ್ಟು ಬೇರೇನೂ ಇರಲಿಲ್ಲವಂತೆ. ದಂಡೆಯ ಮಣ್ಣನ್ನು ಚಿಟಿಕೆಯಷ್ಟು ನಾಲಿಗೆಯ ಮೇಲಿಟ್ಟು ನೋಡಿ ‘ಇಲ್ಲೇ’ ಎಂದನಂತೆ. ಊರು ಆಮೇಲೆ ಬಂತು, ನಮ್ಮ ಇಟ್ಟಿಗೆಯ ಮೇಲೆ ಕಾಲಿಟ್ಟುಕೊಂಡು.

ಐದು ಮನೆಯವರೂ ಒಬ್ಬ ಅಪ್ಪನ ಮಕ್ಕಳಾದ್ದರಿಂದ ನಮ್ಮ ನಮ್ಮಲ್ಲಿ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಒಂದೇ ಅಂಗಳದಲ್ಲಿ ಬೆಳೆದ ಹುಡುಗ ಹುಡುಗಿಯರೆಲ್ಲ ಅಣ್ಣ ತಂಗಿಯರ ವರಸೆ. ಈ ಕಟ್ಟಳೆಯನ್ನು ಯಾರೂ ಮುರಿದಿರಲಿಲ್ಲ, ಮುರಿಯಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ. ನನ್ನ ಅಣ್ಣನ ಮೊಮ್ಮಗಳಿಗೆ ಅನ್ನಿಸುವ ತನಕ.

ನನ್ನ ಅಣ್ಣನನ್ನು ಇಡೀ ಅಂಗಳವೇ ದೊಡ್ಡಣ್ಣ ಎನ್ನುತ್ತದೆ. ಮೊದಲ ಬಾಯಿ ನಮ್ಮ ಮನೆಯದು, ಆದ್ದರಿಂದ ಪ್ರತಿ ಸಲ ಗೂಡಿಗೆ ಮೊದಲ ಕಿಡಿ ಹಾಕುವವನು ಅವನೇ. ಮಿಕ್ಕ ನಾಲ್ಕು ಬಾಯಿಯವರು ಅವನ ಬೆಂಕಿಯಿಂದ ಕೊಳ್ಳಿ ಹಚ್ಚಿಕೊಂಡು ಹೋಗಬೇಕು. ಆ ದಿನ ಅವನ ನಡಿಗೆಯೇ ಬೇರೆ. ಮೊದಲಜ್ಜನೇ ಎದ್ದು ಬಂದ ಹಾಗೆ ಎದೆ ಮುಂದೆ ಮಾಡಿ ಬರುತ್ತಾನೆ. ನಾನು ಅವನ ತಂಗಿ. ಗಂಡ ಹೋದ ಮೇಲೆ ತವರಿಗೆ ಬಂದವಳು ಬಾಳೆಲ್ಲ ಅಚ್ಚಿಗೆ ಮಣ್ಣು ತುಂಬಿದೆ. ಕೂದಲು ನೆರೆತ ಮೇಲೆ ರಾತ್ರಿ ಶಾಲೆಗೆ ಸೇರಿ ಓದು ಬರಹ ಕಲಿತದ್ದಕ್ಕೆ ಅಂಗಳದವರು ನನಗಿಟ್ಟ ಹೆಸರು ಪಾಟಿ, ಎಂದರೆ ಬರೆದು ಅಳಿಸುವ ಸ್ಲೇಟು. ಈಗ ಅದೇ ಹೆಸರಿಗೆ ಓಗೊಡುತ್ತೇನೆ.

ಮೊಮ್ಮಗಳು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂಡಿಸುವ ಕೆಲಸದವಳು. ಒಂದು ಮಧ್ಯಾಹ್ನ ನಾನು ನೆರಳು ಚಪ್ಪರದಲ್ಲಿ ಹಸಿ ಇಟ್ಟಿಗೆಗಳನ್ನು ಮಗ್ಗುಲು ತಿರುವುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು. ಮೂರನೇ ಬಾಯಿ ಮನೆಯ ವೈರಿಂಗ್ ಕೆಲಸದ ಹುಡುಗನನ್ನು ಮದುವೆಯಾಗುವ ಮನಸ್ಸಿದೆ ಎಂದಳು. ಅವನಿಗೂ ಇದೆಯಂತೆ. ಹಿಂದಿನ ದಿನ ತಾತನಿಗೆ ಹೇಳಿದ್ದಳು. ತಾತ ಕೂಗಾಡಲಿಲ್ಲವಂತೆ. ಅಣ್ಣ ತಂಗಿಯ ಮದುವೆಗೆ ನಾನು ಬದುಕಿರುವಾಗ ಚಪ್ಪರ ಏಳುವುದಿಲ್ಲ ಎಂದು ಹೇಳಿ ಎದ್ದುಹೋದನಂತೆ.

“ಓಡಿಹೋಗಲ್ಲ ಚಿಕ್ಕಜ್ಜಿ. ತಾತ ಒಪ್ಪಿದ್ರೆ ಆಗ್ತೀವಿ, ಇಲ್ಲಾಂದ್ರೆ ಇಬ್ಬರೂ ಹೀಗೇ ಇದ್ದುಬಿಡ್ತೀವಿ. ಆದ್ರೆ ಅವನನ್ನ ಅಣ್ಣಾ ಅಂತ ಕರೆಯೋದು ಮಾತ್ರ ನನ್ನ ಕೈಲಿ ಆಗಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸಿಬಿಡುತ್ತಿದ್ದೆನೇನೋ. ಅಳದೆ ಕೂತ ಹುಡುಗಿಗೆ ಸಮಾಧಾನ ಸಾಲದು, ಉತ್ತರ ಬೇಕು. ಐದು ಮನೆಯೂ ಒಂದೇ ರಕ್ತವೆಂಬುದು ನಿಜವಾದರೆ ನಿಜವೆಂದು, ಅಲ್ಲವಾದರೆ ಅಲ್ಲವೆಂದು ಯಾರಾದರೂ ಗಟ್ಟಿಯಾಗಿ ತಿಳಿದು ಹೇಳಬೇಕು. ನಾನೇ ತಿಳಿಯುತ್ತೇನೆಂದು ಅವಳಿಗೆ ಮಾತು ಕೊಟ್ಟೆ.

ಬರೀ ಅವಳ ಮೇಲಿನ ಕನಿಕರಕ್ಕೆ ಕೊಟ್ಟ ಮಾತಲ್ಲ ಅದು. ನನ್ನ ತಲೆಯಲ್ಲಿ ಬಹಳ ದಿನದಿಂದ ಒಂದು ಮುಳ್ಳು ಆಡುತ್ತಿತ್ತು. ಅಚ್ಚಿಗೆ ಮಣ್ಣು ಅಂಟಬಾರದೆಂದು ನಮ್ಮ ಮನೆಯವರು ಒಳಗೆ ಒಣ ಮರಳು ಉದುರಿಸುತ್ತೇವೆ. ಮೂರನೇ ಬಾಯಿಯವರು ಪ್ರತಿ ಸಲವೂ ಅಚ್ಚನ್ನು ನೀರಿನಲ್ಲಿ ಅದ್ದುತ್ತಾರೆ. ನಾಲ್ಕನೆಯವರು ಬೂದಿ ಸವರುತ್ತಾರೆ. ಎರಡನೆಯವರದೂ ಮರಳೇ, ಆದರೆ ಅವರು ಮಣ್ಣನ್ನು ಮುದ್ದೆ ಮಾಡಿ ಎತ್ತಿ ಒಗೆಯುತ್ತಾರೆ, ನಾವು ಒತ್ತಿ ತುಂಬುತ್ತೇವೆ. ಐದನೆಯವರು ಅಚ್ಚಿನ ಮೇಲೆ ಹೆಚ್ಚಾದ ಮಣ್ಣನ್ನು ಕಡ್ಡಿಯಿಂದಲ್ಲ, ಬಿಗಿದ ತಂತಿಯಿಂದ ಕೊಯ್ದು ತೆಗೆಯುತ್ತಾರೆ. ಮೂರನೆಯವರ ಇಟ್ಟಿಗೆ ಮೀಯಿಸಿದ ಬೆಕ್ಕಿನಂತೆ ಎಂದು ನಮ್ಮವರು ನಗುತ್ತಿದ್ದರು, ನಮ್ಮದು ಸಿಡುಬು ಮುಖ ಎಂದು ಅವರು. ಎಲ್ಲ ಮೊಂಡುತನ ಎಂದುಕೊಂಡೇ ಕಾಲ ಹೋಯಿತು. ಆದರೆ ಕೈಕೆಲಸವನ್ನು ಮಗ ಕಲಿಯುವುದು ಅಪ್ಪನ ಮಗ್ಗುಲಲ್ಲಿ ಕೂತು. ಒಬ್ಬನೇ ಅಪ್ಪ ಕಲಿಸಿದ್ದರೆ ಐವರು ಮಕ್ಕಳ ಕೈ ಐದು ದಿಕ್ಕಿಗೆ ಹೇಗೆ ಹೋಯಿತು?

ಮೊದಲು ಪುರಸಭೆಯ ದಾಖಲೆ ಕೋಣೆಗೆ ಹೋದೆ. ಅಲ್ಲಿನ ಗುಮಾಸ್ತೆ ಒಳ್ಳೆಯ ಹೆಂಗಸು. ಹಳೆಯ ಕಟ್ಟುಗಳನ್ನು ಮೇಜಿನ ಮೇಲೆ ಹರವಿ, ಕಿಟಕಿಯ ಪಕ್ಕದ ಕುರ್ಚಿ ಕೊಟ್ಟಳು. ನನ್ನದು ಬೆರಳಿಟ್ಟು ಓದುವ ಓದು, ಒಂದು ಹಾಳೆಗೆ ಒಂದು ಹೊತ್ತು ಬೇಕು. ಹೋದೆ, ಬಂದೆ, ಮತ್ತೆ ಹೋದೆ. ಕೊನೆಗೆ ನದಿ ದಂಡೆಯ ಮಣ್ಣು ನೆಲವನ್ನು ಹಂಚಿದ ಕಾಗದ ಸಿಕ್ಕಿತು. ಮೊದಲಜ್ಜ ಹುಟ್ಟಿದ್ದು ಕಡಲಾಚೆಯ ಒಂದು ನದಿಮುಖದ ಊರಲ್ಲಿ ಎಂದು ಅದರಲ್ಲಿತ್ತು. ಬೆಳೆದ ಗಂಡುಮಗನೊಬ್ಬನಿಗೆ ಒಂದು ತುಂಡು ನೆಲದಂತೆ ಐದು ತುಂಡು ಕೊಟ್ಟಿದ್ದರು. ಮಕ್ಕಳ ವಯಸ್ಸನ್ನೂ ಬರೆದಿದ್ದರು. ಹಿರಿಯ ಮಗ, ಎಂದರೆ ನಮ್ಮ ಮನೆಯ ಮೂಲ ಪುರುಷ, ಅಪ್ಪನಿಗಿಂತ ಅಷ್ಟೇನೂ ಚಿಕ್ಕವನಲ್ಲ. ಆ ಲೆಕ್ಕದಲ್ಲಿ ಮೊದಲಜ್ಜ ಗೋಲಿ ಆಡುವ ವಯಸ್ಸಿಗೇ ಮಗನನ್ನು ಹೆತ್ತಿರಬೇಕು.

ದೊಡ್ಡಣ್ಣನ ಮುಂದೆ ಇದನ್ನು ಇಟ್ಟಾಗ ಅವನು ಸೌದೆ ಸೀಳುವುದನ್ನು ನಿಲ್ಲಿಸಲೂ ಇಲ್ಲ. ಆ ಕಾಲದಲ್ಲಿ ತನ್ನ ವಯಸ್ಸು ಯಾರಿಗೆ ಗೊತ್ತಿತ್ತು, ಬರೆಯುವವನು ತನಗೆ ತೋಚಿದ್ದು ಗೀಚಿದ ಎಂದ. ತಳ್ಳಿಹಾಕುವ ಮಾತಲ್ಲ ಅದು. ನಮ್ಮ ಅವ್ವನ ವಯಸ್ಸೇ ಎರಡು ಕಡೆ ಎರಡು ಥರ ಇತ್ತು. ಕಾಗದ ದಾರಿ ತೋರಿಸಿತು, ಮನೆ ಮುಟ್ಟಿಸಲಿಲ್ಲ.

ಡಿಎನ್‌ಎ ಪರೀಕ್ಷೆಯ ಮಾತು ತೆಗೆದವನು ವೈರಿಂಗ್ ಹುಡುಗ. ದೊಡ್ಡಾಸ್ಪತ್ರೆಯ ಬೀದಿಯ ಪ್ರಯೋಗಾಲಯವೊಂದರಲ್ಲಿ ಅವನು ದೀಪ ಜೋಡಿಸಿಕೊಟ್ಟಿದ್ದ. ಮೂವರೂ ಹೋದೆವು. ಅಲ್ಲಿನ ಮೇಡಂ ನಿಧಾನವಾಗಿ ತಿಳಿಸಿ ಹೇಳಿದರು. ಗಂಡಸಿನ ಮೈಯಲ್ಲಿ ಒಂದು ಗುರುತು ಇರುತ್ತದಂತೆ, ಅದು ಅಪ್ಪನಿಂದ ಮಗನಿಗೆ ಮಾತ್ರ ದಾಟುತ್ತದಂತೆ, ಎಷ್ಟು ತಲೆಮಾರು ಇಳಿದರೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದಂತೆ. ಐವರೂ ಒಬ್ಬನ ಮಕ್ಕಳಾಗಿದ್ದರೆ ಐದು ಮನೆಯ ಗಂಡಸರಲ್ಲೂ ಒಂದೇ ಗುರುತು ಇರಬೇಕು. ಕೊಳವೆಯಲ್ಲಿ ಸ್ವಲ್ಪ ಎಂಜಲು ಕೊಟ್ಟರೆ ಸಾಕು. ನನ್ನದು ಕೊಡುತ್ತೇನೆಂದೆ. ಹೆಂಗಸರಲ್ಲಿ ಆ ಗುರುತು ಇರುವುದಿಲ್ಲ ಎಂದರು. ಅಂದರೆ ನಮ್ಮ ಮನೆಯಿಂದ ದೊಡ್ಡಣ್ಣನೇ ಉಗುಳಬೇಕು.

ಅಲ್ಲಿಯೇ ಕೂತು ಇನ್ನೊಂದನ್ನು ಯೋಚಿಸಿದೆ. ಮನೆಗೊಬ್ಬ ಗಂಡಸಿನಿಂದ ಪರೀಕ್ಷೆ ಮಾಡಿಸಿ, ಗುರುತು ಬೇರೆ ಬಂತೆಂದುಕೊಳ್ಳೋಣ. ಸತ್ತು ಮಣ್ಣಾದ ಯಾವಳೋ ಸೊಸೆ ದಾರಿ ತಪ್ಪಿದ್ದಳು ಎಂದು ಅಂಗಳ ಆಡಿಕೊಳ್ಳುತ್ತದೆ. ಉತ್ತರ ಕೊಡಲು ಅವಳು ಎದ್ದು ಬರುವುದಿಲ್ಲ. ಆದ್ದರಿಂದ ಮನೆಗೆ ಇಬ್ಬರಂತೆ ಬೇಕೆಂದೆ, ಅದೂ ಮುತ್ತಜ್ಜಂದಿರ ಕಾಲಕ್ಕೇ ಕವಲೊಡೆದ ದೂರದ ದಾಯಾದಿಗಳು. ಇಬ್ಬರದೂ ಒಂದೇ ಬಂದರೆ ಆ ಮನೆಯ ಹೆಂಗಸರ ಮೇಲೆ ಯಾರ ನಾಲಿಗೆಯೂ ಏಳುವುದಿಲ್ಲ. ಮೇಡಂ ಕೆಲಸ ಹೆಚ್ಚಾಗುತ್ತದೆ ಎಂದರು. ಆಗಲಿ ಎಂದೆ.

ಮೂರನೇ ಬಾಯಿ ಮನೆಯ ಯಜಮಾನ, ವೈರಿಂಗ್ ಹುಡುಗನ ತಾತ. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಹುಡುಕಿ ಮೆಟ್ಟಿಕೊಂಡೇ ಹೊರಗೆ ಬರುವಂಥವನು. ಸಾವಧಾನಪ್ಪ ಎಂದು ಅಡ್ಡಹೆಸರು. ಅವನು ಏಕೆ, ಏನು ಎಂದು ಕೇಳದೆ ಕೊಳವೆ ತುಂಬಿಕೊಟ್ಟ. ಎರಡನೆಯವರು ನಗುತ್ತ ಕೊಟ್ಟರು. ಐದನೆಯವರು ಅಲೆಸಿ ಅಲೆಸಿ ಕೊಟ್ಟರು. ನಾಲ್ಕನೆಯವರು, ದೊಡ್ಡಣ್ಣ ಕೊಡಲಿ, ಆಮೇಲೆ ನೋಡೋಣ ಎಂದರು.

ದೊಡ್ಡಣ್ಣ ಕೊಡಲಿಲ್ಲ. ನಾನು ಬೆಳಗಿನ ಕಾಫಿ ಲೋಟದ ಪಕ್ಕದಲ್ಲಿ ಕೊಳವೆ ಇಡುತ್ತಿದ್ದೆ, ಅವನು ಕಾಫಿ ಕುಡಿದು ಕೊಳವೆ ಬಿಟ್ಟು ಹೋಗುತ್ತಿದ್ದ. ಒಮ್ಮೆ, ನನ್ನ ಎಂಜಲನ್ನು ಊರವರು ದುರ್ಬೀನು ಹಾಕಿ ನೋಡಬೇಕೇನು ಎಂದ. ಇನ್ನೊಮ್ಮೆ, ಬಾಯಿ ಒಣಗಿದೆ ಎಂದ, ಅದೂ ಜಾನುವಾರು ಸಂತೆಯ ಗದ್ದಲದಲ್ಲೂ ಕೇಳಿಸುವ ದನಿಯಲ್ಲಿ. ನಾನು ಜಗಳಕ್ಕೆ ಹೋಗಲಿಲ್ಲ. ಅಚ್ಚಿನ ಕೆಲಸ ಮಾಡಿದವರಿಗೆ ಅವಸರವಿರುವುದಿಲ್ಲ. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ತಳ್ಳಿದರೆ ಬಿರಿಯುತ್ತದೆ, ನೆರಳಿನಲ್ಲಿ ತಾನಾಗಿ ಗಟ್ಟಿಯಾಗಬೇಕು. ದಿನವೂ ಕೊಳವೆ ಇಟ್ಟೆ, ದಿನವೂ ತೆಗೆದೆ. ಮಣ್ಣು ಅಗೆಯುವ ಕಾಲ ಮುಗಿದು ಅಚ್ಚು ಹಾಕುವ ಕಾಲ ಬಂತು.

ಕಡೆಗೆ ಒಂದು ಬೆಳಿಗ್ಗೆ ಅವನೇ ಬಾಯಿ ಬಿಟ್ಟ. ಸಾವಧಾನಪ್ಪ ಕೊಟ್ಟಿದ್ದಾನೆಯೇ ಎಂದು ಕೇಳಿದ. ಎಂದೋ ಕೊಟ್ಟಾಯಿತು ಎಂದೆ. ನಾವು ಕೊಡದಿದ್ದರೆ ಏನಾಗುತ್ತದೆಂದು ಕೇಳಿದ. ಮೊದಲಜ್ಜನ ಮೊಮ್ಮಕ್ಕಳ ಲೆಕ್ಕದಲ್ಲಿ ಅವರಿರುತ್ತಾರೆ, ನಾವಿರುವುದಿಲ್ಲ ಎಂದೆ. ಅವನು ಕೈ ಚಾಚಿದ. ನಾನು ಕೊಳವೆಯನ್ನು ಹಿಂದಕ್ಕೆ ಎಳೆದುಕೊಂಡೆ.

“ಮೊದಲೇ ಹೇಳ್ತೀನಿ ಅಣ್ಣಾ. ನಮ್ಮ ಕಡೆಗೇ ಬರುತ್ತೆ ಅಂತ ಇಲ್ಲ. ಏನು ಬಂದ್ರೂ ನಾನು ಮುಚ್ಚಿಡಲ್ಲ.”

“ಮುಚ್ಚಿಡು ಅಂತ ನಾನ್ಯಾಕೆ ಹೇಳ್ಲಿ? ಕೊಡು ಇಲ್ಲಿ. ಹಿರೇ ಮಗನ ರಕ್ತ ಅಂದ್ರೆ ಏನು ಅಂತ ಆ ನೀರಿನವರಿಗೂ ಗೊತ್ತಾಗ್ಲಿ.”

ಗಂಟಲು ಸರಿಮಾಡಿಕೊಂಡು, ಭಾಷಣಕ್ಕೆ ನಿಂತವನ ಹಾಗೆ ನೆಟ್ಟಗೆ ನಿಂತು ಉಗುಳಿದ. ಅಂದು ಸಂಜೆಗೆ ನಮ್ಮ ದೂರದ ದಾಯಾದಿಯದೂ ನಾಲ್ಕನೆಯವರದೂ ಬಂತು.

ಫಲಿತಾಂಶ ಹೇಳುವಾಗ ಮೇಡಂ ಐದು ಬಣ್ಣದ ಗೆರೆ ಎಳೆದು ತೋರಿಸಿದರು. ಪ್ರತಿ ಮನೆಯ ಇಬ್ಬರು ಗಂಡಸರ ಗುರುತೂ ಒಂದಕ್ಕೊಂದು ಕೂಡಿತ್ತು. ನಮ್ಮ ಅಜ್ಜಿಯರೆಲ್ಲ ಬಚಾವು. ಆದರೆ ಒಂದು ಮನೆಯದು ಇನ್ನೊಂದಕ್ಕೆ ಎಲ್ಲಿಯೂ ಕೂಡಲಿಲ್ಲ. ಐದು ಮನೆ, ಐವರು ಬೇರೆ ಬೇರೆ ಮೂಲ ಪುರುಷರು. ಮೊಮ್ಮಗಳು ಮೇಜಿನ ಕೆಳಗೆ ಹುಡುಗನ ಕೈ ಹಿಡಿದದ್ದು ನನಗೆ ಕಾಣಿಸಿತು. ನಾನು ಮೇಡಂಗೆ ಇನ್ನೊಂದು ಸಲ ಹೇಳಿ ಎಂದೆ. ಹೇಳಿದರು. ಹಾಗಾದರೆ ಮೊದಲಜ್ಜನ ರಕ್ತ ಯಾವ ಮನೆಯಲ್ಲಿದೆ ಎಂದು ಕೇಳಿದೆ. ಅವನ ಅಣ್ಣತಮ್ಮಂದಿರ ಕಡೆಯವರು ಎಲ್ಲಾದರೂ ಪರೀಕ್ಷೆ ಮಾಡಿಸಿದ್ದರೆ ಗೊತ್ತಾದೀತು, ಗುರುತುಗಳನ್ನು ಹೊರದೇಶದವರ ಗುರುತುಗಳ ಜೊತೆ ಹೋಲಿಸಲು ಬಿಡೋಣ, ಕಾಯಬೇಕು ಎಂದರು. ಕಾಯುವುದು ನನಗೆ ಗೊತ್ತಿರುವ ಕೆಲಸ.

ಕಡಲಾಚೆಯ ಅದೇ ನದಿಮುಖದ ಊರಿನಿಂದ ಉತ್ತರ ಬಂತು. ಗಡಿಯಾರ ರಿಪೇರಿ ಮಾಡುವ ಮುದುಕ. ಅವರ ಮಾತನ್ನು ಹುಡುಗಿ ಫೋನಿನಲ್ಲಿ ನಮ್ಮ ಮಾತಿಗೆ ತಿರುಗಿಸಿ ಓದಿದಳು. ಅವರ ಪೂರ್ವಿಕನೊಬ್ಬನಿಗೆ ಒಬ್ಬ ಅಣ್ಣ ಇದ್ದನಂತೆ, ಹೆಂಡತಿಯನ್ನೂ ಎಳೆಯ ಗಂಡುಮಗುವನ್ನೂ ಕರೆದುಕೊಂಡು, ಕೆಲಸದ ನಾಲ್ವರು ಜೊತೆಗಾರರೊಡನೆ ಹಡಗು ಹತ್ತಿದನಂತೆ, ಆಮೇಲೆ ಪತ್ತೆಯಿಲ್ಲವಂತೆ. ‘ಮಣ್ಣು ಹುಡುಕಿಕೊಂಡು ಹೋದವನು’ ಎಂದೇ ಅವರ ಮನೆಯಲ್ಲಿ ಅವನ ಹೆಸರು. ಗಡಿಯಾರದ ಮುದುಕನ ಗುರುತು ನಮ್ಮ ಐದರಲ್ಲಿ ಒಂದಕ್ಕೆ ಮಾತ್ರ ಕೂಡಿತು. ಮೂರನೇ ಬಾಯಿಗೆ.

ಆಗ ನನಗೆ ಇಡೀ ಕತೆ ಕಣ್ಣಿಗೆ ಕಟ್ಟಿತು. ಕಚೇರಿಯವರು ನೆಲ ಕೊಡುತ್ತಿದ್ದುದು ಗಂಡುಮಕ್ಕಳ ತಲೆ ಎಣಿಸಿ. ಜೊತೆಗೆ ಬಂದ ನಾಲ್ವರನ್ನೂ ಮೊದಲಜ್ಜ ತನ್ನ ಮಕ್ಕಳೆಂದು ಬರೆಸಿದ, ಕಂಕುಳ ಕೂಸನ್ನು ಬೆಳೆದ ಮಗನೆಂದು ನಡುವೆ ಸೇರಿಸಿದ. ಸುಳ್ಳು ಬಯಲಾದರೆ ನೆಲ ಹೋಗುತ್ತದೆ. ಐವರ ಮಕ್ಕಳು ತಮ್ಮತಮ್ಮಲ್ಲೇ ಮದುವೆಯಾದರೆ ಸುಳ್ಳು ಬಯಲಾಗದೆ ಇರುತ್ತದೆಯೇ? ಅದಕ್ಕೇ ಆ ಕಟ್ಟಳೆ. ನೆಲ ಉಳಿಸಿಕೊಳ್ಳಲು ಹಾಕಿದ ಬೇಲಿಯನ್ನು ಮಕ್ಕಳು ರಕ್ತದ ಬೇಲಿ ಎಂದು ನಂಬಿದರು. ನೋಡಿದವರು ಯಾರೂ ಇಲ್ಲ, ಇದು ನನ್ನ ಊಹೆ. ಆದರೆ ಬೇರೆ ಯಾವ ರೀತಿಯಲ್ಲೂ ಲೆಕ್ಕ ಸರಿಹೋಗುವುದಿಲ್ಲ.

ಮೊದಲು ದೊಡ್ಡಣ್ಣನಿಗೇ ಹೇಳಬೇಕೆಂದು ಬಂದೆ. ಅವನು ಅಂಗಳದಲ್ಲಿ ಒಣಗಿದ ಇಟ್ಟಿಗೆಯನ್ನು ಬೆರಳಿನಿಂದ ತಟ್ಟಿ ಸದ್ದು ನೋಡುತ್ತಿದ್ದ. ಎಲ್ಲವನ್ನೂ ಹೇಳಿದೆ, ಗಡಿಯಾರದ ಮುದುಕನನ್ನೂ ಬಿಡದೆ. ಅವನು ಕೈಲಿದ್ದ ಇಟ್ಟಿಗೆಯನ್ನು ಅದರ ಜಾಗದಲ್ಲಿ ಇಟ್ಟ.

“ಹಾಗಾದ್ರೆ ನಾನು ಯಾರ ಮೊಮ್ಮಗ?”

“ಗೊತ್ತಿಲ್ಲ ಅಣ್ಣಾ. ಹುಡುಕ್ತೀನಿ.”

ಅವನು ಒಳಗೆ ಹೋದ. ಅಂದಿನಿಂದ ಗೂಡಿನ ಕಡೆ ತಲೆ ಹಾಕಲಿಲ್ಲ. ಸುದ್ದಿ ಐದು ಮನೆಗೂ ಹರಡಿತು. ಕೊಳವೆಗಳು ಅದಲುಬದಲಾಗಿವೆ ಎಂದು ಎರಡನೆಯವರು ಹೇಳಿದರು. ಇಬ್ಬಿಬ್ಬರದು ಕೂಡಿರುವಾಗ ಅದಲುಬದಲು ಹೇಗಾಗುತ್ತದೆ ಎಂದು ತೋರಿಸಿಕೊಟ್ಟೆ. ಈ ಪಾಟಿ ಅಕ್ಷರ ಕಲಿತದ್ದು ನಮ್ಮ ಅಜ್ಜನನ್ನು ಅಳಿಸಲಿಕ್ಕೇ ಎಂದು ಐದನೆಯವರ ಸೊಸೆ ನಾನಿರುವಾಗಲೇ ಹೇಳಿದಳು. ಮಾತು ನಾಟಿತು. ಆದರೂ ಅಳಿಸಿದ್ದನ್ನು ತಿರುಗಿ ಬರೆಯಲು ನನ್ನಿಂದ ಆಗುತ್ತಿರಲಿಲ್ಲ, ಬರೆಯುವ ಮನಸ್ಸೂ ಇರಲಿಲ್ಲ.

ಮೊಮ್ಮಗಳು ಬಂದು, ತಾತ ಸರಿಯಾಗಿ ಉಣ್ಣುತ್ತಿಲ್ಲ, ನನಗೆ ಈ ಮದುವೆಯೇ ಬೇಡ ಎಂದಳು.

“ಬೇಡ ಅನ್ನೋದು ನಿನ್ನಿಷ್ಟ ಕಣೇ,” ಎಂದೆ. “ಹುಡುಗ ಹಿಡಿಸಲಿಲ್ಲ ಅಂತ ಬೇಡ ಅನ್ನು, ಕೇಳ್ತೀನಿ. ಇಲ್ಲದ ಅಣ್ಣತಂಗಿ ಸಂಬಂಧಕ್ಕೆ ಹೆದರಿ ಬೇಡ ಅಂದ್ರೆ ಕೇಳಲ್ಲ. ಇಷ್ಟು ದೂರ ನಡೆದದ್ದು ಅದಕ್ಕಲ್ಲ.”

ಅವಳನ್ನು ಕಳಿಸಿ, ಮೇಡಂ ಬಳಿ ಹೋಗಿ ನಮ್ಮ ಮನೆಯ ಗುರುತನ್ನು ಬೇರೆ ಕಡೆಗಳಲ್ಲೂ ಹುಡುಕಲು ಹೇಳಿಬಂದೆ. ಹುಡುಕುತ್ತೇನೆಂದು ಅಣ್ಣನಿಗೆ ಹೇಳಿದ್ದೆನಲ್ಲ. ಅವನು ಮಾತು ಬಿಟ್ಟಿದ್ದ ಮಾತ್ರಕ್ಕೆ ನಾನು ಕೆಲಸ ಬಿಡುವಂತಿರಲಿಲ್ಲ.

ಗೂಡು ಹಚ್ಚುವ ದಿನ ಬಂತು. ಇಟ್ಟಿಗೆ ಪೇರಿಸಿ, ಹೊರಮೈಗೆ ಕೆಸರು ಮೆತ್ತಿ, ಐದು ಬಾಯಿಗೂ ಸೌದೆ ಜೋಡಿಸಿ ಆಗಿತ್ತು. ಬೆಳಗಿನ ಬಿಸಿಲಲ್ಲಿ ಎಲ್ಲರೂ ಬಂದು ನಿಂತರು. ದೊಡ್ಡಣ್ಣ ಬರಲಿಲ್ಲ. ಹಕ್ಕಿನ ಪ್ರಕಾರ ಇನ್ನು ಮೊದಲ ಕಿಡಿ ಸಾವಧಾನಪ್ಪನದೇ ಎಂದು ನಾಲ್ಕನೆಯವರು ಹೇಳಿದರು. ಮಿಕ್ಕವರೂ ತಲೆಯಾಡಿಸಿದರು. ಕಡ್ಡಿಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟರು.

ಸಾವಧಾನಪ್ಪ ಮೊದಲ ಬಾಯಿಯ ಮುಂದೆ ಕೂತು, ಒಳಗೆ ಕೈ ಹಾಕಿ, ಗಾಳಿ ನೋಡಿ, ಕೈ ಹೊರಗೆ ತೆಗೆದ. ನದಿಯ ಗಾಳಿ ನೇರವಾಗಿ ಬಡಿಯುವ ಬಾಯಿ ಇದು, ಇದರ ಚಾಳಿ ತನಗೆ ತಿಳಿಯದು, ತಾನು ಹಚ್ಚಿದರೆ ಆ ಮೂಲೆಯ ಇಟ್ಟಿಗೆಯೆಲ್ಲ ಹಸಿ ಉಳಿಯುತ್ತದೆ ಎಂದ. ರಕ್ತ ನಿನ್ನದೇ ಅಲ್ಲವೇ ಎಂದು ಯಾರೋ ಕೇಳಿದರು. ರಕ್ತ ನನ್ನದು, ಬಾಯಿ ಅವನದು ಎಂದು ಹೇಳಿ, ಕಡ್ಡಿಪೆಟ್ಟಿಗೆ ಹಿಡಿದು ನಮ್ಮ ಮನೆಯ ಕಡೆ ನಡೆದ. ಚಪ್ಪಲಿ ಹುಡುಕಲೂ ನಿಲ್ಲಲಿಲ್ಲ. ಇಡೀ ಅಂಗಳ ಅವನ ಬರಿಗಾಲನ್ನೇ ನೋಡಿತು.

ಒಳಗೆ ಅವರಿಬ್ಬರೂ ಏನು ಮಾತಾಡಿದರೋ ನಾನು ಕೇಳಿಲ್ಲ. ದೊಡ್ಡಣ್ಣ ಬಂದ. ಎದೆ ಮುಂದೆ ಮಾಡಿಕೊಂಡೇನೂ ಬರಲಿಲ್ಲ, ಕೆಲಸಕ್ಕೆ ಬರುವವನ ಹಾಗೆ ಬಂದ. ಜೋಡಿಸಿದ ಸೌದೆ ನೋಡಿ, ಇದನ್ನು ಪೇರಿಸಿದ ಕತ್ತೆ ಯಾವುದು ಎಂದು ಬೈದು, ಅರ್ಧ ಹೊರಗೆಳೆದು, ಸಣ್ಣದನ್ನು ಕೆಳಗೆ ಹಾಕಿ ಮತ್ತೆ ಜೋಡಿಸಿದ. ಹಚ್ಚಿದ. ಮಿಕ್ಕವರು ಅವನ ಬೆಂಕಿಯಿಂದಲೇ ಕೊಳ್ಳಿ ಒಯ್ದರು.

ಹೊಗೆ ದಾರಿ ಹಿಡಿದ ಮೇಲೆ ಅವನು ಗೂಡಿನ ಪಕ್ಕದ ಕಲ್ಲಿನ ಮೇಲೆ ಕೂತ. ಅಷ್ಟು ದಿನದ ಮೇಲೆ ನನ್ನ ಜೊತೆ ಮೊದಲ ಮಾತು ಆಡಿದ. ನಮ್ಮವನು ಸಿಕ್ಕಿದನೇ ಎಂದು ಕೇಳಿದ. ಇನ್ನೂ ಇಲ್ಲ ಎಂದೆ. ಮಲೆಯೂರೊಂದರ ಸುಣ್ಣದ ಗೂಡಿನವರ ಗುರುತು ಅಲ್ಪಸ್ವಲ್ಪ ಹೋಲುತ್ತಿದೆ, ಅವರಿಗೆ ಬರೆದಿದ್ದೇನೆ, ಉತ್ತರ ಬರಬೇಕು ಎಂದೆ. ಸುಣ್ಣದವರೇ ಎಂದು ಮೂಗು ಮುರಿದ. ಆಮೇಲೆ, ಬಿಡಬೇಡ, ಹುಡುಕು ಎಂದ.

ಅಷ್ಟರಲ್ಲಿ ಸಾವಧಾನಪ್ಪ ತನ್ನ ಬಾಯಿಗೆ ಸೌದೆ ಹಾಕಿ ಬಂದು ಅವನ ಪಕ್ಕದಲ್ಲಿ ಕೂತ. ಬಾಳಿಡೀ ಒಬ್ಬ ಅಣ್ಣಾ, ಒಬ್ಬ ತಮ್ಮಾ ಎಂದು ಕರೆದುಕೊಂಡವರು. ಮೊಮ್ಮಗಳೂ ಹುಡುಗನೂ ತುಸು ದೂರದಲ್ಲಿ ಸೌದೆ ಹೊತ್ತು ತರುತ್ತಿದ್ದರು, ಈ ಕಡೆ ನೋಡದವರಂತೆ.

“ಒಂದು ಕೇಳ್ಬೇಕು,” ಎಂದ ಸಾವಧಾನಪ್ಪ. “ಅಣ್ಣಾ ಅಂತ ಕರೀಬಹುದೋ ಬಾರದೋ ಗೊತ್ತಾಗ್ತಿಲ್ಲ. ನಿನ್ನನ್ನ ಇನ್ನು ಏನಂತ ಕರೀಲಿ?”

ದೊಡ್ಡಣ್ಣ ಬೆಂಕಿಯನ್ನು ನೋಡಿದ, ಸೌದೆ ಹೊರುತ್ತಿದ್ದ ಇಬ್ಬರನ್ನೂ ನೋಡಿದ, ನನ್ನನ್ನು ಮಾತ್ರ ನೋಡಲಿಲ್ಲ.

“ಬೀಗರು ಅನ್ನು. ಬೇರೆ ಏನು ಉಳಿಸಿದ್ದಾಳೆ ಈ ಪಾಟಿ.”

ಮೊಮ್ಮಗಳ ಕೈಯಿಂದ ಸೌದೆ ಜಾರಿ ಹುಡುಗನ ಕಾಲ ಮೇಲೆ ಬಿತ್ತು. ಸಾವಧಾನಪ್ಪ ಆ ಮಾತನ್ನು ಒಮ್ಮೆ ಬಾಯೊಳಗೇ ಹೇಳಿ ನೋಡಿಕೊಂಡ.

“ಸರಿ ಬೀಗರೇ,” ಎಂದ. “ಗಾಳಿ ತಿರುಗ್ತಿದೆ, ಹೊಗೆ ನಿಮ್ಮ ಮುಖಕ್ಕೇ ಬರುತ್ತೆ. ಈ ಕಡೆ ಸರ್ಕೊಳ್ಳಿ.”